ನೆಲದ ಗಡುವು

ಪರದೆಯ ಮೇಲೆ ನಲವತ್ಮೂರು ಎಂಬ ಅಂಕಿ ಮೂಡಿದಾಗ ಪ್ರಮೀಳಾ ಹಂಚಿನಾಳ ಮೊದಲು ಅನುಮಾನಪಟ್ಟದ್ದು ಗೂಟಗಳ ಮೇಲೆ. ಎಲ್ಲೋ ನಾಲ್ಕಾರು ಗೂಟಗಳು ಕೆಟ್ಟಿರಬೇಕು ಎಂದುಕೊಂಡು ಇನ್ನೂರ ಹನ್ನೆರಡನ್ನೂ ಒಂದೊಂದಾಗಿ ಪರೀಕ್ಷಿಸಿದಳು. ಎಲ್ಲವೂ ಸರಿಯಾಗಿದ್ದವು. ಲೆಕ್ಕವನ್ನು ಮತ್ತೆ ಓಡಿಸಿದಳು. ಮತ್ತೆ ನಲವತ್ಮೂರೇ ಬಂತು.

ಮದರಕಟ್ಟಿ ಕೃಷ್ಣೆಯ ದಂಡೆಯಿಂದ ಮೂರು ಮೈಲಿ ಒಳಗಿರುವ ನೂರ ಹದಿನೆಂಟು ಮನೆಗಳ ಊರು. ಅಲ್ಲಿ ನೀರಿಗೆ ಬರವಿರಲಿಲ್ಲ. ಊರು ಕೆಟ್ಟಿದ್ದೇ ನೀರಿನಿಂದ. ಕಾಲುವೆ ಬಂದ ಮೇಲೆ ಮೂರು ತಲೆಮಾರು ಬರೀ ಕಬ್ಬು ಬೆಳೆಯಿತು. ಮಡಿ ತುಂಬಿ ತುಳುಕುವ ಹಾಗೆ ನೀರು ಹಾಯಿಸಿದರು. ಎರೆಮಣ್ಣು ಆ ನೀರನ್ನು ಕೆಳಗೆ ಬಿಡಲಿಲ್ಲ. ಅಂತರ್ಜಲ ವರ್ಷಕ್ಕೊಂದು ಗೇಣು ಮೇಲೇರುತ್ತ ಆಳದಲ್ಲಿದ್ದ ಉಪ್ಪನ್ನೂ ಜೊತೆಗೆ ಹೊತ್ತು ತಂದಿತು. ಬಿಸಿಲಿಗೆ ನೀರು ಆರುತ್ತಿತ್ತು, ಉಪ್ಪು ಉಳಿಯುತ್ತಿತ್ತು. ೨೦೫೧ರ ಹೊತ್ತಿಗೆ ಆರುನೂರ ನಲವತ್ತು ಎಕರೆಯೂ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗಿ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಊರಿನವರು ಅದನ್ನು ಸವಳು ಎನ್ನುತ್ತಿದ್ದರು.

ಅಂಥ ನೆಲಕ್ಕೆ ಮತ್ತೆ ಜೀವ ಬರುವುದು ಯಾವಾಗ ಎಂಬುದನ್ನು ಹೇಳುವ ಯಂತ್ರ ಬಂದು ಆಗ ಇಪ್ಪತ್ತು ವರ್ಷವಾಗಿತ್ತು. ಗೂಟವೆಂದರೆ ಮೂರಾಳುದ್ದದ ಒಂದು ಟೊಳ್ಳು ಕೊಳವೆ. ಅದನ್ನು ನೆಲದಲ್ಲಿ ಹೂಳುತ್ತಿದ್ದರು. ಅದು ಉಪ್ಪನ್ನು, ತೇವವನ್ನು, ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಬಿಡುವ ಉಸಿರನ್ನು ಅಳೆದು ಊರಿನ ನಿಯಂತ್ರಣ ಕೋಣೆಗೆ ಕಳಿಸುತ್ತಿತ್ತು. ಅಲ್ಲಿದ್ದ ಗಣಕಕ್ಕೆ ಜಗತ್ತಿನ ಸಾವಿರಾರು ಕೆಟ್ಟ ನೆಲಗಳ ಕತೆ ಗೊತ್ತಿತ್ತು. ಊರಿನವರು ಒಟ್ಟಾಗಿ ಬಸಿಗಾಲುವೆ ತೋಡಿ, ಜಿಪ್ಸಂ ಹಾಕಿ, ಹಸಿರೆಲೆ ಗೊಬ್ಬರ ಬೆಳೆದು ಮಣ್ಣಿಗೆ ಸೇರಿಸಿ, ನೀರು ಹಾಯಿಸುವುದನ್ನು ನಿಲ್ಲಿಸಿ ದುಡಿದರೆ ಎಷ್ಟು ವರ್ಷಕ್ಕೆ ಅಲ್ಲಿ ಜೋಳ ತಾನಾಗಿ ತೆನೆ ಕಟ್ಟೀತು ಎಂಬುದನ್ನು ಅದು ಒಂದೇ ಅಂಕಿಯಲ್ಲಿ ಹೇಳುತ್ತಿತ್ತು. ಕಡತಗಳಲ್ಲಿ ಅದಕ್ಕೆ ಪುನಶ್ಚೇತನ ಅವಧಿ ಎಂದು ಹೆಸರು. ಜನ ಗಡುವು ಎನ್ನುತ್ತಿದ್ದರು. ಜನರು ಊರು ಬಿಟ್ಟು ಹೋದರೆ ಅಂಕಿ ಇದ್ದಲ್ಲಿ ಬರೀ ಒಂದು ಗೀಟು ಕಾಣುತ್ತಿತ್ತು. ಆ ನೆಲ ಇನ್ನು ಏಳುವುದಿಲ್ಲ ಎಂಬುದು ಅದರ ಅರ್ಥ.

ಆ ಅಂಕಿ ಬಹಳ ಊರುಗಳ ಹಣೆಬರಹ ಬದಲಿಸಿತ್ತು. ಹೆಣ್ಣು ಕೊಡುವವರು ಮೊದಲು ಗಂಡಿನ ಊರಿನ ಗಡುವು ಕೇಳುತ್ತಿದ್ದರು. ಆರೇಳು ವರ್ಷವಿದ್ದ ಊರುಗಳಿಗೆ ಬೇರೆ ಕಡೆಯಿಂದ ಜನ ಬಂದು ಸೇರಿಕೊಂಡಿದ್ದರು. ಆಚೆ ದಂಡೆಯ ಒಂದು ಊರಿಗೆ ಎಪ್ಪತ್ತು ಎಂದು ಬಂದಾಗ, ಒಂದೇ ತಿಂಗಳಲ್ಲಿ ಶಾಲೆಯ ಗಂಟೆಯನ್ನೂ ಬಿಚ್ಚಿಕೊಂಡು ಎಲ್ಲರೂ ಹೋಗಿಬಿಟ್ಟಿದ್ದರು.

ಪ್ರಮೀಳಾ ಹಾವೇರಿ ಕಡೆಯವಳು. ವಯಸ್ಸು ಮೂವತ್ತೊಂದು, ಓದಿದ್ದು ಮಣ್ಣಿನ ಶಾಸ್ತ್ರ. ಮದರಕಟ್ಟಿಯ ಹಳೆಯ ಕಬ್ಬಿನ ತೂಕದ ಮನೆಯಲ್ಲಿ ನಿಯಂತ್ರಣ ಕೋಣೆ ಮಾಡಿ, ಊರಿನವರನ್ನೇ ಕಟ್ಟಿಕೊಂಡು ಏಳು ತಿಂಗಳಲ್ಲಿ ಗೂಟಗಳನ್ನು ಹೂಳಿಸಿದ್ದಳು. ಮರುದಿನ ಬೆಳಿಗ್ಗೆ ಊರ ಸಭೆಯಲ್ಲಿ ಅಂಕಿಯನ್ನು ಓದಿ ಹೇಳುವುದು ಅವಳ ಕೆಲಸವಾಗಿತ್ತು.

ಆ ಸಂಜೆ ಅವಳು ಮನೆಗೆ ಹೋದಾಗ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಕಾಶವ್ವ ಮ್ಯಾಗೇರಿ ಊರಿನ ನೆಲದ ಸಂಘದ ಮುಖ್ಯಸ್ಥೆ. ಪ್ರಮೀಳಾ ಅವಳ ಮನೆಯಲ್ಲೇ ಒಂದು ಕೋಣೆ ಹಿಡಿದು ಉಳಿದಿದ್ದಳು. ಕಾಶವ್ವನ ಗಂಡ ಮಲ್ಲೇಶಪ್ಪ ಕಟ್ಟೆಯ ಮೇಲೆ ಕೂತು ಸಲಿಕೆಗೆ ಹೊಸ ಹಿಡಿ ಕೂಡಿಸುತ್ತಿದ್ದ. ಅವನ ತಾಯಿ ಯಮನವ್ವ ಗೋಡೆಗೆ ಒರಗಿ ಸೇಂಗಾ ಸುಲಿಯುತ್ತಿದ್ದಳು.

"ಬಂತೇನ್ರಿ ಅಕ್ಕಾರ?" ಕಾಶವ್ವ ತವೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ನಾಳೆ ಎಲ್ಲಾರ ಮುಂದೆ ಹೇಳತೀನಿ ಕಾಶಕ್ಕ. ನಿಯಮ ಹಂಗ ಐತಿ."

"ನೀವ ಹೇಳಬ್ಯಾಡ್ರಿ. ಆದ್ರ ನಿಮ್ಮ ಮಾರಿ ನೋಡಿದ್ರ ಎದಿ ಧಸಕ್ಕಂತೈತಿ." ಕಾಶವ್ವ ರೊಟ್ಟಿ ತಿರುವಿ ಹಾಕಿದಳು. "ನಾವು ಹತ್ತ ವರ್ಷ ಅಂತ ಗೆರಿ ಹಾಕೀವಿ. ಹತ್ತರ ಒಳಗ ಬಂದ್ರ ಇರೂದು. ಮ್ಯಾಲ ಹ್ವಾದ್ರ ಕಂಪನಿಯವರಿಗೆ ಸಹಿ ಹಾಕಿ ಕೊಡೂದು."

ಬಿಸಿಲಿನಿಂದ ವಿದ್ಯುತ್ ಮಾಡುವ ಒಂದು ಕಂಪನಿ ಊರಿನ ಅಷ್ಟೂ ಹೊಲವನ್ನು ಅರವತ್ತು ವರ್ಷಕ್ಕೆ ಕೇಳಿತ್ತು. ನೆಲದ ಮೇಲೆಲ್ಲ ಗಾಜಿನ ಹಲಗೆ ಹಾಸಿ, ಜನರನ್ನು ಜಿಲ್ಲಾ ಕೇಂದ್ರದ ಹೊರಗಿನ ಬಡಾವಣೆಗೆ ಸಾಗಿಸುವ ಯೋಜನೆ. ಮನೆ ಕೊಡುವುದಾಗಿಯೂ, ಮನೆಗೊಬ್ಬರಿಗೆ ಕೆಲಸ ಕೊಡುವುದಾಗಿಯೂ ಬರೆದುಕೊಟ್ಟಿದ್ದರು.

ಯಮನವ್ವ ಸೇಂಗಾ ಬಿಟ್ಟು ತಲೆಯೆತ್ತಿದಳು. "ತಂಗಿ, ನಾ ಈ ಮನಿಗೆ ಸೊಸಿಯಾಗಿ ನಡಿಲಿಕ್ಕೆ ಬಂದಾಗ ನಮ್ಮ ಹೊಲದ ಬಾವಿ ನೀರು ಕುಡದ್ರ ಬ್ಯಾರೆ ಬೆಲ್ಲಾ ಬೇಕಿರಲಿಲ್ಲ. ಈಗ ಎಮ್ಮಿನೂ ಮೂಸಿ ನೋಡಿ ಹೊಳ್ಳಿ ಬರತಾವು. ನಾ ಇರೂದ್ರಾಗ ಆಕ್ಕೈತೇನವ್ವಾ?"

ಪ್ರಮೀಳಾ ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು.

ಸಭೆ ಶಾಲೆಯ ಬಯಲಿನಲ್ಲಿ ಸೇರಿತು. ಒಬ್ಬರೂ ಮನೆಯಲ್ಲಿ ಉಳಿದಿರಲಿಲ್ಲ. ಕಂಪನಿಯ ಇಬ್ಬರು ಪ್ರತಿನಿಧಿಗಳು ಕಾಗದಪತ್ರಗಳೊಂದಿಗೆ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಪ್ರಮೀಳಾ ಎದ್ದು ನಿಂತಾಗ ನಲವತ್ಮೂರು ಎಂದು ಹೇಳುವ ಉದ್ದೇಶವೇ ಇತ್ತು. ಮೊದಲ ಸಾಲಿನಲ್ಲಿ ಕಾಶವ್ವ ಕೂತಿದ್ದಳು. ಅವಳ ಹಿಂದೆ ದಸ್ತಗೀರಸಾಬ ನದಾಫ. ಆತ ಗೂಟ ಹೂಳುವಾಗ ಏಳು ತಿಂಗಳು ಕೂಲಿ ಕೇಳದೆ ದುಡಿದವನು. ಅವರ ಮುಖಗಳನ್ನು ನೋಡುತ್ತಿದ್ದಂತೆ ಅವಳಿಗೆ ಆ ಗೀಟು ಕಣ್ಣ ಮುಂದೆ ಬಂತು. ತಾನು ಅಂಕಿ ಹೇಳಿದ ಮರುಗಳಿಗೆಯೇ ಅದು ಸುಳ್ಳಾಗುತ್ತದೆ. ಜನ ಸಹಿ ಹಾಕುತ್ತಾರೆ, ನಲವತ್ಮೂರು ಹೋಗಿ ಗೀಟು ಬರುತ್ತದೆ. ತೂಕದ ಮನೆಗೆ ಬೀಗ ಬೀಳುತ್ತದೆ, ತನ್ನ ಹೆಸರಿನ ಮುಂದೆ ಒಂದು ಸತ್ತ ಊರು ಸೇರುತ್ತದೆ. ಆ ಕ್ಷಣದಲ್ಲಿ ಊರಿನ ಚಿಂತೆ ಎಷ್ಟು, ತನ್ನ ಚಿಂತೆ ಎಷ್ಟು ಎಂಬುದನ್ನು ಮುಂದೆ ಎಷ್ಟು ಸಲ ಬಿಡಿಸಿ ನೋಡಿದರೂ ಅವಳಿಗೆ ತಿಳಿಯಲಿಲ್ಲ.

"ಒಂಬತ್ತು," ಎಂದಳು.

ದಸ್ತಗೀರಸಾಬ ತಲೆಯ ಟವೆಲ್ಲನ್ನು ತೆಗೆದು ಕಣ್ಣಿಗೆ ಒತ್ತಿಕೊಂಡ. ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ಕಂಪನಿಯವರು ಕಾಗದ ಮಡಿಚಿಕೊಂಡರು. ಕಾಶವ್ವ ಬಂದು ಪ್ರಮೀಳಾಳ ಎರಡೂ ಕೈ ಹಿಡಿದಳು. "ಒಂಬತ್ತ ವರ್ಷ ಏನ ಮಹಾ ಅಕ್ಕಾರ! ಬಾಣಂತನ, ಮದವಿ, ಹಬ್ಬ ಅನ್ನೂದ್ರಾಗ ಹ್ವಾಗಿಬಿಡತಾವು."

ತನ್ನನ್ನು ಈ ಕೆಲಸಕ್ಕೆ ನೇಮಿಸಿದ್ದ ಪ್ರಯೋಗಾಲಯಕ್ಕೆ ಕಳಿಸಿದ ವರದಿಯಲ್ಲಿ ಪ್ರಮೀಳಾ ನಲವತ್ಮೂರು ಎಂದೇ ಬರೆದಳು. ಊರಿನ ಪರದೆಯ ಅಂಕಿಗೆ ಗುಪ್ತಪದದ ಬೀಗ ಹಾಕಿದಳು.

ಮುಂದಿನ ವರ್ಷಗಳಲ್ಲಿ ಮದರಕಟ್ಟಿಯ ಜನ ದುಡಿದ ರೀತಿ ಪ್ರಮೀಳಾ ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಬ್ಬನ್ನು ಪೂರ್ತಿ ಬಿಟ್ಟರು. ಒಬ್ಬನು ಹೊಲ ತುಂಬ ನೀರು ಹಾಯಿಸಿದರೆ ಹತ್ತು ಹೊಲದಾಚೆ ಉಪ್ಪು ಏಳುತ್ತದೆಂದು ತಿಳಿದ ಮೇಲೆ, ಕಾಲುವೆಯ ತೂಬನ್ನು ತಾವೇ ಕಲ್ಲು ಸಿಮೆಂಟು ಹಾಕಿ ಮುಚ್ಚಿದರು. ಹೊಲದ ಬದುಗಳನ್ನು ಕಿತ್ತು, ಇದು ನಂದು ಅದು ನಿಂದು ಎನ್ನದೆ, ಇಳಿಜಾರು ನೋಡಿ ಒಂದಾಳು ಆಳದ ಬಸಿಗಾಲುವೆ ತೋಡಿದರು. ಅವುಗಳಿಂದ ಜಿನುಗಿದ ಉಪ್ಪುನೀರು ಊರಾಚೆಯ ಅಗಲವಾದ ಹೊಂಡಕ್ಕೆ ಹೋಗಿ ಅಲ್ಲೇ ಆರುತ್ತಿತ್ತು. ಮಳೆಗಾಲದಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಡಯಂಚಾ ಗಿಡ ಬಿತ್ತಿ, ಎದೆಯೆತ್ತರ ಬಂದ ಮೇಲೆ ಹೂ ಬಿಡುವ ಮೊದಲೇ ಮಣ್ಣಿಗೆ ಮುಗುಚುತ್ತಿದ್ದರು. ಮನೆಮನೆಯ ತಿಪ್ಪೆ ಗೊಬ್ಬರ ಸಂಘದ ಗಾಡಿಗೆ ಬೀಳುತ್ತಿತ್ತು. ಹೊಟ್ಟೆಪಾಡಿಗೆ ಮನೆಗೊಬ್ಬರು ಹೊರಗೆ ಕೂಲಿಗೆ ಹೋಗುತ್ತಿದ್ದರು. ಉಳಿದವರು ಅವರ ಪಾಲಿನ ಮಣ್ಣು ಕೆಲಸವನ್ನೂ ಮಾಡುತ್ತಿದ್ದರು. ಒಂಬತ್ತರ ಎಣಿಕೆ ಎಲ್ಲರ ಬಾಯಲ್ಲಿತ್ತು. "ಇನ್ನ ಆರು," "ಇನ್ನ ಐದು" ಎಂದು ಬಾವಿಕಟ್ಟೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ದಸ್ತಗೀರಸಾಬ ಮಗಳ ಮದುವೆಯನ್ನು ಒಂಬತ್ತನೆಯ ವರ್ಷಕ್ಕೆಂದು ಮುಂದೂಡಿದ್ದ, ಗಂಡಿನವರು ಕಾಯಲಿಲ್ಲ.

ಪ್ರಮೀಳಾ ಪ್ರತಿ ಸೋಮವಾರ ತೂಕದ ಮನೆಯ ಬಾಗಿಲು ಹಾಕಿಕೊಂಡು ಗುಪ್ತಪದ ಒತ್ತುತ್ತಿದ್ದಳು. ಅಂಕಿ ಇಳಿಯುತ್ತಿತ್ತು. ನಾಲ್ಕನೆಯ ವರ್ಷ ಅದು ಮೂವತ್ನಾಲ್ಕಕ್ಕೆ ಬಂದಿತ್ತು. ನಾಲ್ಕು ವರ್ಷದಲ್ಲಿ ಒಂಬತ್ತು ವರ್ಷದಷ್ಟು ಕೆಲಸ. ಇದೇ ಓಟದಲ್ಲಿ ಹೋದರೆ, ಇನ್ನೂ ಬೇಗ ಇಳಿದರೆ ಎಂದು ಅವಳು ಕೂಡಿ ಕಳೆದು ನೋಡುತ್ತಿದ್ದಳು. ಯಾವ ಲೆಕ್ಕದಲ್ಲೂ ಅದು ಒಂಬತ್ತಕ್ಕೆ ಮುಗಿಯುತ್ತಿರಲಿಲ್ಲ.

ಆ ವರ್ಷ ಪ್ರಯೋಗಾಲಯದ ಹಿರಿಯ ವಿಜ್ಞಾನಿ ಡಾ. ಪಟ್ಟೇದ ಊರು ನೋಡಲು ಬಂದರು. ಹೊಲದಲ್ಲಿ ಸುತ್ತಾಡಿ, ಜನರ ಜೊತೆ ಮಾತಾಡಿ, ತೂಕದ ಮನೆಗೆ ಬಂದು ಕೂತರು.

"ಇಲ್ಲಿ ಒಬ್ಬ ಹೆಣ್ಣುಮಗಳು, ಗಡುವಿಗೆ ಇನ್ನು ಐದೇ ವರ್ಷ ಉಳಿದಿದೆ ಅಂದಳು," ಎಂದರು. "ನಾನು ಸುಮ್ಮನೆ ತಲೆ ಆಡಿಸಿ ಬಂದೆ. ಏನಿದು ಪ್ರಮೀಳಾ?"

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಅವತ್ತು ನಿಜ ಹೇಳಿದ್ದರೆ ಇಲ್ಲಿ ಈಗ ಗೀಟು ಇರುತ್ತಿತ್ತು ಸರ್."

"ಇರುತ್ತಿತ್ತು. ಇವರು ಬೇರೆಲ್ಲೋ ಇರುತ್ತಿದ್ದರು. ಅದು ಇವರ ತೀರ್ಮಾನಕ್ಕೆ ಬಿಟ್ಟದ್ದಾಗಿತ್ತು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಮಳೆಗಾಲದೊಳಗೆ ನೀವೇ ಹೇಳಿ. ನಾನು ಹೇಳಿದರೆ ಅವರಿಗೆ ನಿಮ್ಮ ಮೇಲಷ್ಟೇ ಅಲ್ಲ, ಯಂತ್ರದ ಮೇಲೂ ನಂಬಿಕೆ ಹೋಗುತ್ತದೆ."

ಅವಳು ಹೇಳುತ್ತೇನೆಂದಳು. ಆ ವರ್ಷದ ಡಯಂಚಾ ಮುಗುಚಲಿ, ಬಸಿಗಾಲುವೆಯ ಉತ್ತರದ ಕವಲು ಮುಗಿಯಲಿ ಎಂದು ಮುಂದೆ ಹಾಕಿದಳು. ಮಾರನೆಯ ವರ್ಷ ಡಾ. ಪಟ್ಟೇದ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಮದರಕಟ್ಟಿಗೆ ಕಾಲಿಡಲಿಲ್ಲ.

ಮನೆಯಲ್ಲಿ ಅವಳು ಆ ಹೊತ್ತಿಗೆ ಅಕ್ಕಾರ ಆಗಿ ಉಳಿದಿರಲಿಲ್ಲ. ಕಾಶವ್ವ ಅವಳನ್ನು ಹೆಸರು ಹಿಡಿದು, ನೀನು ಎಂದು ಕರೆಯುತ್ತಿದ್ದಳು. ಜ್ವರ ಬಂದಾಗ ಯಮನವ್ವ ಅವಳ ಹಣೆಗೆ ಅರಿಶಿನ ಹಚ್ಚಿ ದೃಷ್ಟಿ ತೆಗೆದಿದ್ದಳು. ಊಟಕ್ಕೆ ಕೂತಾಗ ಮಲ್ಲೇಶಪ್ಪ ಬರಲಿರುವ ಬೆಳೆಯ ಮಾತೇ ಆಡುತ್ತಿದ್ದ. ಮೊದಲ ವರ್ಷ ಬಿಳಿಜೋಳವನ್ನೇ ಬಿತ್ತಬೇಕು, ಅಂಚಿಗೆ ಕುಸುಬೆ ಇರಬೇಕು ಎನ್ನುತ್ತಿದ್ದ. "ಅಂಗಡಿ ಜೋಳದ ರೊಟ್ಟಿ ತಿಂದು ತಿಂದು ನಾಲಗಿ ಸತ್ತಹೋಗೈತಿ ನೋಡ ಪ್ರಮೀಳಾ." ಅವಳು ತಟ್ಟೆಯ ಮೇಲೆ ಬಗ್ಗಿ ಉಣ್ಣುತ್ತಿದ್ದಳು.

ಆರನೆಯ ವರ್ಷದ ವೈಶಾಖದಲ್ಲಿ ಮಲ್ಲೇಶಪ್ಪ ಸತ್ತ.

ಮಳೆ ಬರುವ ಮೊದಲು ಉತ್ತರದ ಬಸಿಗಾಲುವೆಯನ್ನು ಇನ್ನೂ ಮೊಳದಷ್ಟು ಆಳ ಮಾಡಬೇಕಿತ್ತು. ಗಡುವಿಗೆ ಮೂರೇ ವರ್ಷ ಉಳಿದಿದೆಯೆಂದು ಜನ ಎರಡು ಪಾಳಿಯಲ್ಲಿ ದುಡಿಯುತ್ತಿದ್ದರು. ಮಧ್ಯಾಹ್ನ ಉಳಿದವರು ಬುತ್ತಿ ಬಿಚ್ಚಿದಾಗ, ಇನ್ನೊಂದೆರಡು ಬುಟ್ಟಿ ತೆಗೆದು ಬರುತ್ತೇನೆಂದು ಅವನೊಬ್ಬನೇ ಕೆಳಗೆ ಉಳಿದ. ಉಪ್ಪು ಹಿಡಿದ ಎರೆಮಣ್ಣಿಗೆ ಅಂಟು ಕಡಿಮೆ. ದಂಡೆ ಸದ್ದಿಲ್ಲದೆ ಜಾರಿತು. ಹತ್ತಿರವಿದ್ದವರು ಓಡಿ ಬಂದು ಕೈಯಿಂದಲೇ ಬಗೆದರು. ಹೊರಗೆ ತೆಗೆಯುವ ಹೊತ್ತಿಗೆ ಜೀವ ಹೋಗಿತ್ತು. ಬಾಯಿ ಮೂಗಿನ ತುಂಬ ಬಿಳಿಯ ಮಣ್ಣು.

ಅವನನ್ನು ಅವನ ಹೊಲದಲ್ಲೇ ಮಣ್ಣು ಮಾಡಿದರು. ಪ್ರಮೀಳಾ ಎಲ್ಲರ ಹಾಗೆ ಮೂರು ಹಿಡಿ ಮಣ್ಣು ಹಾಕಿದಳು. ಕಾಶವ್ವ ಅವಳ ಹೆಗಲಿಗೆ ತಲೆ ಕೊಟ್ಟು ಅತ್ತಳು. "ಇನ್ನ ಮೂರ ವರ್ಷ ತಡದಿದ್ರ ನೋಡತಿದ್ದ. ಮೂರ ವರ್ಷ," ಎಂದು ಅದನ್ನೇ ಹೇಳುತ್ತಿದ್ದಳು. ಆಗಲೇ ಹೇಳಿಬಿಡಬೇಕೆಂದು ಪ್ರಮೀಳಾಳಿಗೆ ಅನಿಸಿತು. ಆಗಷ್ಟೇ ಗಂಡನನ್ನು ಮಣ್ಣು ಮಾಡಿದವಳಿಗೆ ಅದನ್ನು ಹೇಗೆ ಹೇಳುವುದು ಎಂದು ಮುಂದೆ ಹಾಕಿದಳು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮಗ ಹೋದ ಐದು ತಿಂಗಳಿಗೆ ಯಮನವ್ವನೂ ಹೋದಳು. ಮನೆಯಲ್ಲಿ ಇಬ್ಬರೇ ಹೆಂಗಸರು ಉಳಿದರು.

ಗಂಡ ಸತ್ತ ಹದಿನೈದನೆಯ ದಿನವೇ ಕಾಶವ್ವ ಅವನ ಸಲಿಕೆ ಹಿಡಿದು ಉತ್ತರದ ಕಾಲುವೆಗೆ ಹೋದಳು. ಅವಳನ್ನು ನೋಡಿ, ಬರುವುದಿಲ್ಲವೆಂದಿದ್ದವರೂ ಬಂದರು.

ಒಂಬತ್ತನೆಯ ವರ್ಷದ ಹಿಂಗಾರಿಯಲ್ಲಿ ಊರು ಬಿತ್ತನೆಗೆ ಇಳಿಯಿತು. ಪ್ರಮೀಳಾ ಸಂಘಕ್ಕೆ, ಇನ್ನೊಂದು ವರ್ಷ ಬಿಟ್ಟು ಬಿತ್ತೋಣ, ಮೊದಲು ನಾಲ್ಕೆಕರೆಯಲ್ಲಿ ನೋಡೋಣ ಎಂದು ಹೇಳಿ ನೋಡಿದಳು. ಅವಳ ಮಾತನ್ನು ಜನ ಅತಿ ಜಾಗ್ರತೆಯೆಂದು ನಕ್ಕು ಬಿಟ್ಟರು. ಮೇಲುನೋಟಕ್ಕೆ ನೆಲ ನಿಜಕ್ಕೂ ಬದಲಾಗಿತ್ತು. ಬಿಳಿ ಪೊರೆ ಹೋಗಿತ್ತು, ಮಣ್ಣು ಕಪ್ಪಗಿತ್ತು, ಅಗೆದಲ್ಲಿ ಎರೆಹುಳ ಕಾಣುತ್ತಿದ್ದವು. ಕೂರಿಗೆಗೆ ಪೂಜೆ ಮಾಡಿ ಆರುನೂರ ನಲವತ್ತು ಎಕರೆಗೂ ಬಿಳಿಜೋಳ ಬಿತ್ತಿದರು.

ಜೋಳ ಮೊಳೆಯಿತು. ಮೊಣಕಾಲೆತ್ತರ ಬಂತು. ಊರಿನ ಮುದುಕರು ಬೆಳಿಗ್ಗೆ ಬೆಳಿಗ್ಗೆ ಹೊಲದಂಚಿಗೆ ಬಂದು ಸುಮ್ಮನೆ ಕೂರುತ್ತಿದ್ದರು. ಬೇರು ಎರಡು ಮೊಳ ಕೆಳಗಿಳಿದು ಅಲ್ಲಿದ್ದ ಉಪ್ಪನ್ನು ಮುಟ್ಟಿದ್ದು ಪುಷ್ಯದಲ್ಲಿ. ಮೊದಲು ಎಲೆಯ ತುದಿ ಸುಟ್ಟಿತು. ಆಮೇಲೆ ಅಂಚು. ಮೂರು ವಾರದಲ್ಲಿ ಹೊಲಗಳು ಹಳದಿಗೆ ತಿರುಗಿ ನಿಂತಲ್ಲೇ ಒಣಗಿದವು. ಎತ್ತರದ ಬದಿಯಲ್ಲಿ ಹೊಂಗೆ ಮರಗಳ ಹತ್ತಿರದ ಹನ್ನೊಂದು ಎಕರೆಯಲ್ಲಷ್ಟೇ ತೆನೆ ಬಂದಿತು.

ಸಭೆಯನ್ನು ಪ್ರಮೀಳಾಳೇ ಕರೆದಳು. ಶಾಲೆಯ ಬಯಲಿನಲ್ಲಿ ಅದೇ ಜನ ಒಂಬತ್ತು ವರ್ಷ ಹಿರಿಯರಾಗಿ ಬಂದು ಕೂತರು.

"ಯಂತ್ರ ತಪ್ಪು ಹೇಳೇತೇನ್ರಿ ಅಕ್ಕಾರ?" ದಸ್ತಗೀರಸಾಬ ಕೇಳಿದ. ಅವನ ದನಿಯಲ್ಲಿ ಆಗಲೂ ಸಿಟ್ಟಿರಲಿಲ್ಲ.

"ಯಂತ್ರ ತಪ್ಪು ಹೇಳಿಲ್ಲ ಚಾಚಾ. ನಾ ತಪ್ಪು ಹೇಳೀನಿ. ಅವತ್ತ ಅದರಾಗ ಬಂದಿದ್ದು ನಲವತ್ಮೂರು."

"ಎಷ್ಟ ಅಂದ್ರಿ?"

"ನಲವತ್ಮೂರು ವರ್ಷ. ನೀವು ಹತ್ತಕ್ಕ ಗೆರಿ ಹಾಕಿದ್ರಿ. ಅದಕ್ಕ ನಾ ಒಂಬತ್ತು ಅಂದೆ."

ಯಾರೋ ಒಬ್ಬರು ನಕ್ಕರು, ಸರಿಯಾಗಿ ಕೇಳಿಸಲಿಲ್ಲವೆಂಬಂತೆ. ಹಿಂದಿನಿಂದ ಒಂದು ಮಣ್ಣಿನ ಹೆಂಟೆ ಹಾರಿ ಬಂದು ಅವಳ ಭುಜಕ್ಕೆ ಬಡಿದು ಪುಡಿಯಾಯಿತು. ಎಲ್ಲರೂ ಒಟ್ಟಿಗೆ ಎದ್ದರು, ಒಟ್ಟಿಗೆ ಕೂಗಿದರು. ಬಡಾವಣೆಗೆ ಹೋಗಿದ್ದರೆ ಮಕ್ಕಳು ಓದುತ್ತಿದ್ದರು ಎಂದು ಒಬ್ಬಳು ಎದೆ ಬಡಿದುಕೊಂಡಳು. ದಸ್ತಗೀರಸಾಬ ಎರಡೂ ಕೈ ಎತ್ತಿ ಗದ್ದಲ ನಿಲ್ಲಿಸಿದ.

"ಇವತ್ತಿಗೆ ಎಷ್ಟ ಐತಿ? ಖರೇ ಹೇಳ್ರಿ."

"ಹತ್ತೊಂಬತ್ತು. ಯಂತ್ರದ ಲೆಕ್ಕದಷ್ಟ ದುಡದಿದ್ರ ಮೂವತ್ನಾಕ ಇರತಿತ್ತು. ನೀವು ಅದಕ್ಕಿಂತ ಹೆಚ್ಚು ದುಡದದ್ದಕ್ಕ ಹದಿನೈದು ವರ್ಷ ಕಡಿಮಿ ಆಗೇತಿ."

"ನಮ್ಮ ಆಯುಷ್ಯದಾಗೂ ಅಷ್ಟ ಕಡಿಮಿ ಆಗೇತಿ," ಎಂದು ಯಾರೋ ಹೇಳಿದರು.

ಕಾಶವ್ವ ಅಲ್ಲಿಯವರೆಗೆ ಎದ್ದಿರಲಿಲ್ಲ. ಈಗ ಎದ್ದು ಜನರ ನಡುವಿನಿಂದ ಮೆಲ್ಲಗೆ ನಡೆದು ಬಂದು ಪ್ರಮೀಳಾಳ ಮುಂದೆ ನಿಂತಳು.

"ನಮ್ಮ ಮನಿಯಾಗ ಒಂಬತ್ತ ವರ್ಷ ಉಂಡಿ. ಅವನ ಮಣ್ಣಿಗೆ ಬಂದಿ. ಮೂರ ಹಿಡಿ ಮಣ್ಣ ಹಾಕಿದಿ. ಅವತ್ತೂ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು."

"ಮೂರ ವರ್ಷ ಮೂರ ವರ್ಷ ಅಂತ ನಾ ನಿನ್ನ ಮೈಮ್ಯಾಲ ಬಿದ್ದು ಅಳತಿದ್ದಾಗ?"

"ಗೊತ್ತಿತ್ತು ಕಾಶಕ್ಕ."

ಕಾಶವ್ವ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ತಿರುಗಿ ಮನೆಯ ಕಡೆಗೆ ಹೊರಟಳು. ಸಂಜೆ ಪ್ರಮೀಳಾ ಹೋದಾಗ ಅವಳ ಬಟ್ಟೆ, ಪುಸ್ತಕ, ಚಾಪೆ ಎಲ್ಲವನ್ನೂ ಒಪ್ಪವಾಗಿ ಮಡಿಚಿ ಹೊರಗಿನ ಕಟ್ಟೆಯ ಮೇಲೆ ಇಟ್ಟಿದ್ದಳು. ಬಾಗಿಲು ಹಾಕಿತ್ತು.

ಕಂಪನಿ ಅಷ್ಟರಲ್ಲಿ ಬೇರೆ ಊರಿನ ನೆಲ ಹಿಡಿದಿತ್ತು. ಈ ಸಲ ಹೋದವರಿಗೆ ಮನೆಯಿಲ್ಲ, ಕೆಲಸದ ಭರವಸೆಯಿಲ್ಲ. ಆದರೂ ಮೂರು ತಿಂಗಳಲ್ಲಿ ಎಪ್ಪತ್ತೊಂಬತ್ತು ಮನೆಯವರು ಹೋದರು. ಕೆಲವರು ಇಟ್ಟಿಗೆ ಭಟ್ಟಿಗಳಿಗೆ, ಕೆಲವರು ಬೀಗರ ಊರುಗಳಿಗೆ. ಹೋಗುವವರು ಪ್ರಮೀಳಾಳ ಎದುರಿಗೇ ಹಾದು ಹೋಗುತ್ತಿದ್ದರು, ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ. ದಸ್ತಗೀರಸಾಬ ಉಳಿದ. ಈ ವಯಸ್ಸಿನಲ್ಲಿ ಬೇರೆ ಮಣ್ಣು ಕಲಿಯಲಾರೆ ಎಂದ. ಕಾಶವ್ವನೂ ಉಳಿದಳು. ಯಾಕೆಂದು ಅವಳು ಯಾರಿಗೂ ಹೇಳಲಿಲ್ಲ. ಅವಳ ಗಂಡ ಆ ಹೊಲದಲ್ಲಿ ಮಲಗಿದ್ದಾನೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಕೇಳಲೂ ಇಲ್ಲ.

ಪ್ರಯೋಗಾಲಯ ಪ್ರಮೀಳಾಳನ್ನು ಕೆಲಸದಿಂದ ತೆಗೆಯಿತು. ಹಾವೇರಿಯಿಂದ ಅಣ್ಣ ಬಂದು ಕರೆದ. ಅವಳು ಹೋಗಲಿಲ್ಲ. ಖಾಲಿಯಾದ ಮನೆಯೊಂದರ ಕೀಲಿಯನ್ನು ದಸ್ತಗೀರಸಾಬ ಅವಳ ಕೈಗೆ ಹಾಕಿದ. ಅಲ್ಲಿ ಉಳಿದು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಲಕ್ಕೆ ಹೋಗಿ, ಯಾರೂ ಹೇಳದ ಕೆಲಸಗಳನ್ನು ಮಾಡುತ್ತಿದ್ದಳು. ಸಗಣಿ ಹೊತ್ತಳು, ಡಯಂಚಾ ಕೊಯ್ದಳು, ಗೂಟಗಳ ಸುತ್ತಲಿನ ಹುಲ್ಲು ಕಿತ್ತಳು. ಅಂಗೈ ಬೊಬ್ಬೆ ಬಂದು ಒಡೆದು, ಆಮೇಲೆ ಗಟ್ಟಿಯಾಯಿತು. ಮಾತಾಡಿಸುವವರಿರಲಿಲ್ಲ.

ತೂಕದ ಮನೆಗೆ ಶ್ರೀಶೈಲ ಕಂಬಿ ಎಂಬ ಹೊಸ ವಿಜ್ಞಾನಿ ಬಂದ. ಅವನು ಮೊದಲು ಮಾಡಿದ ಕೆಲಸ ಪರದೆಯ ಬೀಗ ತೆಗೆದು, ಅದನ್ನು ಕಿಟಕಿಯ ಕಡೆಗೆ ತಿರುಗಿಸಿ ಇಟ್ಟದ್ದು. ಹೋಗುವವರು ಬರುವವರು ನಿಂತು ನೋಡಬಹುದಿತ್ತು. ಒಂದು ವರ್ಷದ ಮೇಲೆ ಸಭೆಯಲ್ಲಿ ಅವನು ಅಂಕಿಯನ್ನು ಓದಿದ. ಮೂವತ್ತೊಂದು.

"ಕೈ ಕಡಿಮೆ ಆಗ್ಯಾವು," ಎಂದು ವಿವರಿಸಿದ. "ಪಶ್ಚಿಮದ ಬಸಿಗಾಲುವೆ ಅರ್ಧ ಮುಚ್ಚೇತಿ. ಈ ಮಳೆಗಾಲಕ್ಕ ಅದನ್ನ ಬಿಡಿಸಲಿಲ್ಲಂದ್ರ ಅಂಕಿ ಇನ್ನೂ ಏರತೈತಿ. ಎಷ್ಟು ಅಂತ ನಾ ಈಗ ಹೇಳಲಾರೆ."

ಮೂವತ್ತೊಂಬತ್ತು ಮನೆಯವರು ಕೇಳಿಸಿಕೊಂಡರು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಐವತ್ತು ದಾಟಿದವರು. ಆ ಬೆಳೆಯನ್ನು ತಾವು ಕಾಣುವುದಿಲ್ಲವೆಂದು ತಿಳಿಯಲು ಅವರಿಗೆ ಯಂತ್ರ ಬೇಕಿರಲಿಲ್ಲ. ದಸ್ತಗೀರಸಾಬ ಪಶ್ಚಿಮದ ಕಾಲುವೆಗೆ ಯಾರು ಯಾರು ಎಂದು ಕೇಳಿ ಹೆಸರು ಕೂಗತೊಡಗಿದ. ಕಾಲುವೆಗೆ ಒಬ್ಬರೇ ಇಳಿಯುವಂತಿಲ್ಲ. ಒಬ್ಬರು ಕೆಳಗೆ ಅಗೆದರೆ, ಅವರ ಸೊಂಟದ ಹಗ್ಗ ಹಿಡಿದು ಇನ್ನೊಬ್ಬರು ದಂಡೆಯ ಮೇಲೆ ನಿಲ್ಲಬೇಕೆಂದು ಸಂಘ ನಿಯಮ ಮಾಡಿತ್ತು. ಹದಿನಾಲ್ಕು ಜೋಡಿಗಳಾದವು. ಪ್ರಮೀಳಾಳ ಹೆಸರನ್ನು ಅವನು ಕೂಗಿದ. ಅವಳ ಜೋಡಿಗೆ ಯಾರೂ ಬರಲಿಲ್ಲ. ಎರಡನೆಯ ಸಲ ಕೂಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಪಶ್ಚಿಮದ ಕಾಲುವೆಗೆ ಹೋಗಿ, ಉಳಿದವರಿಂದ ದೂರದಲ್ಲಿ, ಮೇಲೆ ನಿಂತೇ ಉದ್ದ ಹಿಡಿಯ ಸಲಿಕೆಯಿಂದ ಕೈಗೆಟುಕಿದಷ್ಟು ಕೆಸರು ಎಳೆಯುತ್ತಿದ್ದಳು. ಹೂಳು ಬಹಳ ಕೆಳಗಿತ್ತು. ಅರ್ಧ ತಾಸಿನಲ್ಲಿ ಒಂದು ಬುಟ್ಟಿಯೂ ತುಂಬಲಿಲ್ಲ. ಮೋಡ ಕವಿದಿತ್ತು; ಮಳೆ ಇನ್ನು ನಾಲ್ಕೈದು ದಿನದ ಮಾತು.

ಹಿಂದೆ ಹೆಜ್ಜೆಯ ಸದ್ದಾಯಿತು. ಕಾಶವ್ವ ಬಂದು ಹಗ್ಗದ ಸುರುಳಿಯೊಂದನ್ನು ಅವಳ ಕಾಲ ಬಳಿ ಹಾಕಿದಳು. ಒಂದೂವರೆ ವರ್ಷದಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಇಳಿ."

ಪ್ರಮೀಳಾ ಏನನ್ನೋ ಹೇಳಲು ಬಾಯಿ ತೆರೆದಳು.

"ಮಾತ ಬ್ಯಾಡ. ನಾ ಏನೂ ಮರತಿಲ್ಲ, ಮರಿಯಂಗೂ ಇಲ್ಲ. ಸೊಂಟಕ್ಕ ಎರಡ ಸುತ್ತ ಹಾಕಿ ಬಿಗಿ ಕಟಗೋ. ಮಣ್ಣ ಸಡಿಲ ಐತಿ."

ಪ್ರಮೀಳಾ ಹಗ್ಗ ಕಟ್ಟಿಕೊಂಡಳು. ಸಲಿಕೆಯನ್ನು ಮೊದಲು ಕೆಳಗಿಳಿಸಿ, ದಂಡೆಗೆ ಮುಖ ಮಾಡಿ, ಹೆಜ್ಜೆ ಹುಡುಕುತ್ತ ಇಳಿದಳು. ಕೆಳಗೆ ಕೆಸರು ಮೊಣಕಾಲಿನವರೆಗೆ ಬಂತು. ಉಪ್ಪಿನ ವಾಸನೆಯಿತ್ತು. ತಲೆಯೆತ್ತಿ ನೋಡಿದಾಗ, ಕಾಶವ್ವ ಹಗ್ಗದ ಇನ್ನೊಂದು ತುದಿಯನ್ನು ತನ್ನ ನಡುವಿಗೇ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದಳು. ಗಂಟನ್ನು ಎರಡು ಸಲ ಜಗ್ಗಿ ನೋಡಿ, ದಂಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದು, ಕಾಲೂರಿ ನಿಂತಳು.

ಪ್ರಮೀಳಾ ಅಗೆಯತೊಡಗಿದಳು.